ರೇಡಿಯೋ ಬಟನ್ ಒತ್ತಿದ್ರೆ ಸ್ಕ್ರೀನ್ ಆರುತ್ತೆ, ವೇರಿಯೋ ಸುಳ್ಳು ಹೇಳುತ್ತೆ: ಗ್ಲೈಡರ್ ಪ್ಯಾನೆಲ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಶಿರಾ, ಸದ್ಯ ಜರ್ಮನಿ):

ಎಲ್ಲರಿಗೂ ನಮಸ್ಕಾರ. ಊರು ಶಿರಾ, ಕೆಲಸ ಜರ್ಮನಿಯಲ್ಲಿ. ಅಲ್ಲಿ ರಜೆ ದಿನ ಒಂದು ಗ್ಲೈಡಿಂಗ್ ಕ್ಲಬ್‌ಗೆ ಹೋಗುತ್ತೇನೆ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ವಿಂಚ್ ಹಗ್ಗದಲ್ಲಿ ಎಳೆದು ಮೇಲೆ ಬಿಡುತ್ತಾರೆ. ಆಮೇಲೆ ಮೇಲೇಳುವ ಬಿಸಿಗಾಳಿ ಹುಡುಕಿಕೊಂಡು ಹದ್ದಿನ ಥರ ಸುತ್ತುತ್ತಾ ಏರಬೇಕು.

ಕ್ಲಬ್‌ನ ಎರಡು ಸೀಟಿನ ಎಎಸ್‌ಕೆ 21ರಲ್ಲಿ ಎರಡು ತೊಂದರೆ. ಒಂದು, ಹಾರಿ ಒಂದೂವರೆ ಗಂಟೆ ಆದ ಮೇಲೆ ರೇಡಿಯೋದಲ್ಲಿ ಮಾತಾಡೋಕೆ ಬಟನ್ ಒತ್ತಿದರೆ ನ್ಯಾವಿಗೇಷನ್ ಸ್ಕ್ರೀನ್ ಆರಿಹೋಗುತ್ತೆ, ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತೆ. ಮೊದಲ ಒಂದು ಗಂಟೆ ಏನೂ ಇಲ್ಲ. ಎಷ್ಟು ಹೊತ್ತಲ್ಲಿ ಬಟನ್ ಒತ್ತಿದರೂ ಎಲೆಕ್ಟ್ರಾನಿಕ್ ವೇರಿಯೋ ಮುಳ್ಳು ಒಂದು ಸಲ ಎಗರುತ್ತೆ. ವೇರಿಯೋ ಅಂದರೆ ವಿಮಾನ ಎಷ್ಟು ಬೇಗ ಏರ್ತಿದೆ, ಇಳೀತಿದೆ ಅಂತ ತೋರಿಸುವ ಮೀಟರ್. ಎರಡು, ಮೂತಿ ಮೇಲೆತ್ತೋಕೆ ಸ್ಟಿಕ್ (ವಿಮಾನ ನಡೆಸುವ ಹಿಡಿ) ಹಿಂದಕ್ಕೆ ಎಳೆದ ತಕ್ಷಣ ಆ ವೇರಿಯೋ ಪೀಪ್ ಪೀಪ್ ಅಂತ ಏರುವ ಸದ್ದು ಮಾಡುತ್ತೆ. ಅಲ್ಲಿ ಗಾಳಿ ಏಳುತ್ತಲೇ ಇರಲ್ಲ. ನಂಬಿ ತಿರುಗಿಸಿದರೆ ಎತ್ತರ ಕಳಕೊಂಡು ವಾಪಸ್ ಬರಬೇಕು.

ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಸೀಲ್ಡ್ ಲೆಡ್ ಆಸಿಡ್. ಹೊಸದು ಹಾಕಿದೆವು, ಅದೇ ಕಥೆ. ವೇರಿಯೋ ಹೋಗಿದೆ, ಹೊಸದು ತರೋಣ ಅಂತ ಕ್ಲಬ್‌ನಲ್ಲಿ ಮಾತು. ನಮ್ಮ ದುಡ್ಡಲ್ಲಿ ಲಕ್ಷದ ಹತ್ತಿರ. ಈಗ ಅಲ್ಲಿ ಚಳಿಗಾಲ, ಹಾರಾಟ ಇಲ್ಲ. ನಾನು ಸಂಕ್ರಾಂತಿಗೆ ಊರಿಗೆ ಬಂದಿದ್ದೇನೆ. ಕೇಳಿಕೊಂಡು ವೇರಿಯೋ ಡಬ್ಬಿ ಬ್ಯಾಗಲ್ಲಿ ಹಾಕ್ಕೊಂಡು ಬಂದಿದ್ದೇನೆ. ಯಾರಾದ್ರೂ ದಾರಿ ತೋರಿಸ್ತೀರಾ?

ಉತ್ತರ (ತುಮಕೂರು, ನಿವೃತ್ತ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್):

ದುಡ್ಡು ಕಟ್ಟೋ ಮೊದಲು ಕೇಳಿದ್ರಲ್ಲ, ಒಳ್ಳೇದಾಯಿತು. ನಾನು ವಿಮಾನದ ಇನ್‌ಸ್ಟ್ರುಮೆಂಟ್ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತವಳು. ಕೆಟ್ಟಿದೆ ಅಂತ ಬಿಚ್ಚಿ ಕಳಿಸಿದ ಎಷ್ಟೋ ಡಬ್ಬಿಗಳು ಬೆಂಚಿಗೆ ಬಂದರೆ ಸರಿಯಾಗೇ ಓಡುತ್ತಿದ್ದವು. ಕೆಟ್ಟಿದ್ದು ಅದಕ್ಕೆ ಹೋಗೋ ವೈರು, ಇಲ್ಲಾ ಗಾಳಿ ಪೈಪು. ಡಬ್ಬಿ ಕಣ್ಣಿಗೆ ಕಾಣುತ್ತೆ, ಬೈಸಿಕೊಳ್ಳುತ್ತೆ.

ನೀವು ಹೇಳಿದ್ದು ಒಂದೇ ಕಾಯಿಲೆ ಅಲ್ಲ. ಸ್ಕ್ರೀನ್ ಆರೋದು ಕರೆಂಟಿನ ತೊಂದರೆ. ಸ್ಟಿಕ್ ಎಳೆದರೆ ಕೂಗೋದು ಗಾಳಿಯ ತೊಂದರೆ. ಎರಡನ್ನೂ ಗಂಟು ಹಾಕಿ ಡಬ್ಬಿ ಮೇಲೆ ಹೊರಿಸಬೇಡಿ.

ಮೊದಲು ಒಂದು ಮಾತು ಹೇಳಿ. ಪ್ಯಾನೆಲ್‌ನಲ್ಲಿ ಕರೆಂಟ್ ಇಲ್ಲದೆ ಓಡೋ ಮೆಕ್ಯಾನಿಕಲ್ ವೇರಿಯೋ ಕೂಡ ಇರಬೇಕಲ್ಲ? ಸ್ಟಿಕ್ ಎಳೆದಾಗ ಅದು ಏನು ಮಾಡುತ್ತೆ?

ಶಿರಾ:

ಇದೆ ಮೇಡಂ. ಅದೂ ಏರು ತೋರಿಸುತ್ತೆ, ಸ್ವಲ್ಪ ನಿಧಾನಕ್ಕೆ. ನೀವು ಕೇಳೋವರೆಗೂ ಅದನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ರೇಡಿಯೋ ಒತ್ತಿದಾಗ ಮಾತ್ರ ಅದರ ಮುಳ್ಳು ಅಲ್ಲಾಡಲ್ಲ.

ತುಮಕೂರು:

ಮುಗೀತಲ್ಲ! ಎರಡೂ ವೇರಿಯೋ ಒಂದೇ ಪೈಪಿನಿಂದ ಗಾಳಿ ತಗೊಳ್ಳುತ್ತವೆ. ಕರೆಂಟೇ ಇಲ್ಲದ ಮುಳ್ಳೂ ಅದೇ ಸುಳ್ಳು ಹೇಳ್ತಿದೆ ಅಂದರೆ ತಪ್ಪು ಪೈಪಿನಲ್ಲಿದೆ. ಹೊಸ ಡಬ್ಬಿ ತಂದಿದ್ರೆ ಅದೂ ಇದೇ ಸುಳ್ಳು ಹೇಳ್ತಿತ್ತು. ಪೈಪಿನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಕರೆಂಟು.

ಟ್ರ್ಯಾಕ್ಟರ್‌ನಲ್ಲಿ ಎಂಜಿನ್ ಓಡುವಷ್ಟು ಹೊತ್ತು ಆಲ್ಟರ್ನೇಟರ್ ಬ್ಯಾಟರಿ ತುಂಬಿಸ್ತಾ ಇರುತ್ತೆ. ಗ್ಲೈಡರ್‌ಗೆ ಎಂಜಿನ್ನೇ ಇಲ್ಲ. ಬೆಳಗ್ಗೆ ಕಟ್ಟಿಕೊಂಡು ಹೋದ ಬುತ್ತಿಯಲ್ಲೇ ಸಂಜೆವರೆಗೂ ಸಾಗಬೇಕು. ರೇಡಿಯೋ ಸುಮ್ನೆ ಕೇಳಿಸಿಕೊಳ್ಳುವಾಗ, ವೇರಿಯೋ, ಸ್ಕ್ರೀನ್, ಡಿಕ್ಕಿ ಎಚ್ಚರಿಕೆಯ ಫ್ಲಾರ್ಮ್ ಎಲ್ಲ ಸೇರಿ ಹೆಚ್ಚು ಕಡಿಮೆ 1 ಆಂಪಿಯರ್. ಹೊಸ 7 ಆಂಪಿಯರ್ ಅವರ್ ಬ್ಯಾಟರಿ ಇದನ್ನ ಐದು ಗಂಟೆಯಾದ್ರೂ ಎಳೆಯಬೇಕು. ಒಂದೂವರೆ ಗಂಟೆಗೆ ಸುಸ್ತಾಗೋದು ಬ್ಯಾಟರಿ ಅಲ್ಲ.

ಈಗ ಬಟನ್ ಒತ್ತಿ. ರೇಡಿಯೋ ಇನ್ನೊಂದು 2 ಆಂಪಿಯರ್ ಎಳೆಯುತ್ತೆ, ಒಟ್ಟು 3. ದಾರಿಯಲ್ಲಿ ಎಲ್ಲೋ ಅರ್ಧ ಓಮ್ ಅಡ್ಡಿ ಇದೆ ಅಂದುಕೊಳ್ಳಿ. ತುಕ್ಕು ಹಿಡಿದ ಫ್ಯೂಸ್ ಹೋಲ್ಡರ್, ಸಡಿಲವಾದ ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸೋ ಲೋಹದ ಬಳೆ), ಕಪ್ಪಾದ ಸ್ವಿಚ್, ಯಾವುದಾದ್ರೂ ಸರಿ. 3 ಆಂಪಿಯರ್ ಅದರ ಮೂಲಕ ಹೋದರೆ ಒಂದೂವರೆ ವೋಲ್ಟ್ ಅಲ್ಲೇ ಖರ್ಚು. ಬೆಳಗ್ಗೆ ಬ್ಯಾಟರಿಯಲ್ಲಿ 12.7 ಇದ್ದಾಗ ಸ್ಕ್ರೀನ್‌ಗೆ 11.2 ತಲುಪುತ್ತೆ, ತಡ್ಕೊಳ್ಳುತ್ತೆ. ಒಂದೂವರೆ ಗಂಟೆ ಆದ ಮೇಲೆ ಬ್ಯಾಟರಿ 12.2ಕ್ಕೆ ಇಳಿದಿರುತ್ತೆ. ಆಗ ತಲುಪೋದು 10.7. ಸ್ಕ್ರೀನ್ ಕಣ್ಣು ಮುಚ್ಚುತ್ತೆ. ಬಟನ್ ಬಿಟ್ಟರೆ ವೋಲ್ಟೇಜ್ ವಾಪಸ್ಸು, ಸ್ಕ್ರೀನ್ ಎದ್ದು ಕೂರುತ್ತೆ. ಒಂದು ಗಂಟೆ ಚೆನ್ನಾಗಿದ್ದು ಆಮೇಲೆ ಕೈಕೊಡೋದು ಯಾಕೆ ಅಂತ ಗೊತ್ತಾಯ್ತಾ?

ಲೋಡ್ ಇಲ್ಲದೆ ಮೀಟರ್ ಹಿಡಿದರೆ ಇದು ಸಿಗೋದೇ ಇಲ್ಲ. ಎಲ್ಲ ಕಡೆ 12.6 ತೋರಿಸುತ್ತೆ. ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಮೂರು ಫೇಸೂ ಸರಿಯಾಗಿದೆ ಅನಿಸುತ್ತೆ, ಮೋಟಾರ್ ಹಾಕಿದ ಕೂಡಲೇ ಒಂದು ಫೇಸ್ ಬಿದ್ದುಹೋಗುತ್ತೆ. ನಮ್ಮ ಕಡೆ ನೋಡದವರು ಯಾರು?

ಹಾಗಾಗಿ ಇಬ್ಬರು ಬೇಕು. ಒಬ್ಬರು ಕಾಕ್‌ಪಿಟ್‌ನಲ್ಲಿ ಎಲ್ಲ ಆನ್ ಮಾಡಿ ರೇಡಿಯೋ ಬಟನ್ ಒತ್ತಿ ಹಿಡಿಯಲಿ. ಆಂಟೆನಾ ಸಿಕ್ಕಿಸಿರಲೇಬೇಕು, ಇಲ್ಲದಿದ್ದರೆ ರೇಡಿಯೋ ಸುಟ್ಟೀತು. ತುರ್ತು ಚಾನೆಲ್ 121.5ರಲ್ಲಿ ಮಾತ್ರ ಬೇಡ. ಇನ್ನೊಬ್ಬರು ಮೀಟರಿನ ಕೆಂಪು ಕಡ್ಡಿಯನ್ನ ಬ್ಯಾಟರಿ ಪಾಸಿಟಿವ್ ಮೇಲೆ, ಕಪ್ಪು ಕಡ್ಡಿಯನ್ನ ಸ್ಕ್ರೀನ್‌ನ ಪಾಸಿಟಿವ್ ಪಿನ್ ಮೇಲೆ ಇಡಲಿ. ಹೌದು, ಎರಡೂ ಪಾಸಿಟಿವ್ ಮೇಲೇ. ಬರೋ ನಂಬರೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.2, 0.3 ಆದರೆ ಬಿಡಿ. 0.8 ಬಂದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ಫ್ಯೂಸಿನ ಈ ಕಡೆ ಆ ಕಡೆ, ಸ್ವಿಚ್ಚಿನ ಈ ಕಡೆ ಆ ಕಡೆ ಇಟ್ಟು ಹಿಡಿಯಿರಿ. ನೆಗೆಟಿವ್ ದಾರಿಯನ್ನೂ ಹೀಗೇ ನೋಡಿ. ಅರ್ಧ ಜನ ನೆಗೆಟಿವ್ ನೋಡೋದೇ ಇಲ್ಲ.

ಮಾಲೂರು:

ಅಕ್ಕಾ, ನಾನು ಯುಪಿಎಸ್, ಸೋಲಾರ್ ಕೆಲಸ ಮಾಡ್ತೀನಿ. ಇಷ್ಟೆಲ್ಲ ಯಾಕೆ, ಲಿಥಿಯಂ ಬ್ಯಾಟರಿ ಹಾಕಿದ್ರೆ ಆಗಲ್ವಾ? ಫ್ಯೂಸ್ ಬಿಸಿಯಾಗ್ತಿದ್ರೆ 5 ಆಂಪಿಯರ್ ಬದಲು 15ರದ್ದು ಹಾಕೋದು.

ತುಮಕೂರು:

ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ ತೊಂದರೆ ಕಾಣೋದು ನಿಂತೀತು, ಅದು ನಿಜ. ಅದು ಖಾಲಿಯಾಗ್ತಾ ಬರೋವರೆಗೂ 13ರ ಆಸುಪಾಸಲ್ಲೇ ನಿಂತಿರುತ್ತೆ. ಆದರೆ ಒಂದೂವರೆ ವೋಲ್ಟ್ ತಿನ್ನೋ ಆ ಜಾಗ ಹಾಗೇ ಇರುತ್ತಲ್ಲ ತಮ್ಮಾ? 3 ಆಂಪಿಯರ್‌ನಲ್ಲಿ ಒಂದೂವರೆ ವೋಲ್ಟ್ ಅಂದರೆ ನಾಲ್ಕೂವರೆ ವ್ಯಾಟ್, ಒಂದು ಸಣ್ಣ ಜಾಯಿಂಟ್‌ನಲ್ಲಿ. ಜಾಯಿಂಟ್ ಬಿಸಿಯಾಗಿ ಆಗಿ ಒಂದು ದಿನ ಪೂರ್ತಿ ಬಿಟ್ಟುಕೊಳ್ಳುತ್ತೆ. ಇನ್ನೊಂದು ವಿಷಯ, ಲಿಥಿಯಂನ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ. ಚೆನ್ನಾಗಿದೆ ಅನ್ನುತ್ತಿರುವಾಗಲೇ ಪಟ್ ಅಂತ ಆಫ್ ಆಗುತ್ತೆ. ಚಾರ್ಜರ್ ಕೂಡ ಅದಕ್ಕೇ ಅಂತ ಮಾಡಿದ್ದು ಬೇಕು.

15ರ ಫ್ಯೂಸ್ ಮಾತು ಮಾತ್ರ ಇಲ್ಲಿಗೇ ಬಿಟ್ಟುಬಿಡಿ. ಫ್ಯೂಸ್ ಇರೋದು ವೈರ್ ಕಾಯೋಕೆ. ಸಣ್ಣ ವೈರಿಗೆ ದೊಡ್ಡ ಫ್ಯೂಸ್ ಹಾಕಿದರೆ ಶಾರ್ಟ್ ಆದ ದಿನ ವೈರೇ ಫ್ಯೂಸ್ ಆಗುತ್ತೆ. ಮನೆಯಲ್ಲಿ ಹೊಗೆ ಬಂದರೆ ಹೊರಗೆ ಓಡಬಹುದು. 1000 ಮೀಟರ್ ಮೇಲೆ ಎಲ್ಲಿಗೆ ಓಡ್ತೀರಾ?

ಮಾಲೂರು:

ಸರಿ ಅಕ್ಕಾ, ತಪ್ಪಾಯ್ತು. 😄

ಚಿಂತಾಮಣಿ (ಎಂಜಿನಿಯರಿಂಗ್ ವಿದ್ಯಾರ್ಥಿನಿ):

ಮೇಡಂ, ಸ್ಟಿಕ್ ಎಳೆದರೆ ವಿಮಾನ ನಿಜವಾಗಲೂ ಮೇಲೇರುತ್ತೆ ಅಲ್ವಾ? ಹಾಗಾದರೆ ವೇರಿಯೋ ಏರು ತೋರಿಸೋದು ಸುಳ್ಳು ಹೇಗಾಗುತ್ತೆ?

ತುಮಕೂರು:

ಒಳ್ಳೆ ಪ್ರಶ್ನೆ ಕಣಮ್ಮಾ. ನಂದಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳೀತೀಯ. ಕೆಳಗೆ ಬಂದ ಸ್ಪೀಡಲ್ಲೇ ಪೆಡಲ್ ತುಳಿಯದೆ ಮುಂದಿನ ಏರು ಹತ್ತುತ್ತೀಯ. ಎತ್ತರ ಸಿಕ್ಕಿತು ನಿಜ, ಆದರೆ ಸ್ಪೀಡ್ ಕೊಟ್ಟು ಕೊಂಡಿದ್ದು. ಗ್ಲೈಡರ್ ಗಂಟೆಗೆ 150 ಕಿಲೋಮೀಟರ್‌ನಲ್ಲಿ ಹೋಗ್ತಾ 90ಕ್ಕೆ ಇಳಿಸಿಕೊಂಡರೆ ಸುಮಾರು 55 ಮೀಟರ್ ಎತ್ತರ ಹೀಗೇ ಸಿಗುತ್ತೆ. ಎರಡೂ ಸ್ಪೀಡನ್ನ ಸೆಕೆಂಡಿಗೆ ಮೀಟರ್‌ಗೆ ಬದಲಾಯಿಸಿ, ವರ್ಗವನ್ನ 2ಜಿ (ಜಿ ಅಂದರೆ ಗುರುತ್ವ, 9.8) ಇಂದ ಭಾಗಿಸಿ ಕಳೆದು ನೋಡು, ಲೆಕ್ಕ ಬರುತ್ತೆ. ಪೈಲಟ್‌ಗೆ ಬೇಕಾಗಿರೋದು ಈ ಕೈಸಾಲದ ಎತ್ತರ ಅಲ್ಲ, ಗಾಳಿ ಎಷ್ಟು ಎತ್ತಿಕೊಡ್ತಿದೆ ಅನ್ನೋದು.

ಅದಕ್ಕೇ ಬಾಲದ ರೆಕ್ಕೆಯಿಂದ ಮುಂದಕ್ಕೆ ಚಾಚಿದ ಒಂದು ಬಗ್ಗಿದ ಕಡ್ಡಿ ಇರುತ್ತೆ. ಟೋಟಲ್ ಎನರ್ಜಿ ಪ್ರೋಬ್ ಅಂತಾರೆ. ಅದರ ತೂತು ಗಾಳಿಗೆ ಬೆನ್ನು ಹಾಕಿರುತ್ತೆ, ಹಾಗಾಗಿ ಅಲ್ಲಿ ಎಳೆತ ಹುಟ್ಟುತ್ತೆ. ಸ್ಪೀಡ್ ಜಾಸ್ತಿ ಇದ್ದಷ್ಟು ಎಳೆತ ಜಾಸ್ತಿ. ಸ್ಟಿಕ್ ಎಳೆದಾಗ ಎತ್ತರ ಏರಿ ಹೊರಗಿನ ಒತ್ತಡ ಕಡಿಮೆ ಆಗುತ್ತೆ, ಸ್ಪೀಡ್ ಇಳಿದು ಎಳೆತವೂ ಕಡಿಮೆ ಆಗುತ್ತೆ. ಒಂದಕ್ಕೊಂದು ವಜಾ. ಮುಳ್ಳು ಅಲ್ಲೇ ನಿಲ್ಲುತ್ತೆ.

ಆ ಕಡ್ಡಿಯಿಂದ ಪ್ಯಾನೆಲ್‌ವರೆಗೂ ಮೀಟರ್‌ಗಟ್ಟಲೆ ಪೈಪು. ಎಲ್ಲಾದ್ರೂ ಸೀಳಿದರೆ ಎಳೆತ ಅಲ್ಲೇ ಸೋರಿಹೋಗುತ್ತೆ, ಕೈಸಾಲದ ಎತ್ತರವೂ ಮುಳ್ಳಿನಲ್ಲಿ ಕಾಣುತ್ತೆ. ಶಿರಾದವರ ಗ್ಲೈಡರ್‌ನಲ್ಲಿ ಆಗ್ತಿರೋದು ಇದೇ ಅಂತ ನನ್ನ ಲೆಕ್ಕ.

ಪರೀಕ್ಷೆ ಹೀಗೆ ಮಾಡಿಸಿ. ಮೆಡಿಕಲ್ ಶಾಪ್‌ನಲ್ಲಿ ಸಿಗೋ 20 ಮಿಲಿ ಸಿರಿಂಜ್ ಸಾಕು. ಪ್ರೋಬ್ ತೆಗೆದು, ಅದು ಕೂರೋ ಜಾಗಕ್ಕೆ ಪೈಪ್ ಸಿಕ್ಕಿಸಿ, ಸಿರಿಂಜ್ ಹಿಡಿಯನ್ನ ತೀರಾ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಒಬ್ಬರು ಮೆಕ್ಯಾನಿಕಲ್ ವೇರಿಯೋ ನೋಡ್ತಾ ಇರಲಿ. ಎಳೆಯುವಾಗ ಮುಳ್ಳು ಏರು ತೋರಿಸುತ್ತೆ. ನಿಲ್ಲಿಸಿ ಹಾಗೇ ಹಿಡಿದುಕೊಂಡರೆ ಸೊನ್ನೆಗೆ ಬಂದು ನಿಲ್ಲಬೇಕು. ಸೊನ್ನೆ ದಾಟಿ ಇಳಿತದ ಕಡೆ ಹೋದರೆ ಹೊರಗಿನ ಗಾಳಿ ಒಳಗೆ ನುಗ್ತಿದೆ, ಪೈಪ್ ಸೋರ್ತಿದೆ. ರಭಸದಿಂದ ಎಳೆದರೆ ಮೆಕ್ಯಾನಿಕಲ್ ಮೀಟರ್ ಒಳಗೆ ಹಾಳಾಗುತ್ತೆ. ಬಾಯಿ ಹಚ್ಚಿ ಊದೋದು, ಹೀರೋದು ಯಾವತ್ತೂ ಬೇಡ. ಗ್ಯಾಸ್ ಸ್ಟವ್ ಬರ್ನರ್ ಅಲ್ಲ ಅದು.

ಸೋರೋ ಜಾಗ ಸಾಮಾನ್ಯವಾಗಿ ಮೂರೇ: ಪ್ರೋಬ್ ಬುಡದ ರಬ್ಬರ್ ರಿಂಗ್, ಟಿ ಜಾಯಿಂಟ್, ಗಟ್ಟಿಯಾಗಿ ಸೀಳಿದ ಪೈಪಿನ ತುದಿ. ತುದಿ ಸೀಳಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಿದರೂ ಸರಿಹೋಗುತ್ತೆ.

ವೇರಿಯೋ ಡಬ್ಬಿ ತಗೊಂಡು ಮನೆಗೆ ಬನ್ನಿ. ಹೇಗೂ ಶಿರಾದಿಂದ ಒಂದು ಗಂಟೆ ದಾರಿ.

ಶಿರಾ (ಮೂರು ದಿನ ಆದ ಮೇಲೆ):

ಹೋಗಿದ್ದೆ. ಎಲ್ಲರಿಗೂ ಹೇಳಲೇಬೇಕು. ಮೇಡಂ ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿ, ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ 1 ಆಂಪಿಯರ್ ಫ್ಯೂಸ್ ಹಾಕಿ ಡಬ್ಬಿಗೆ ಕರೆಂಟ್ ಕೊಟ್ಟರು. ಐದು ನಿಮಿಷ ಬಿಸಿಯಾಗಲಿ ಅಂತ ಕಾಯಿಸಿದರು. ಆಮೇಲೆ ಡಬ್ಬಿಯನ್ನ ಮೇಜಿನಿಂದ ತಲೆ ಮೇಲಕ್ಕೆ ಮೆಲ್ಲಗೆ ಎತ್ತು ಅಂದರು. ಪೀಪ್ ಪೀಪ್. ಇಳಿಸಿದರೆ ಗೊಂಯ್ ಅಂತ ಇಳಿಯುವ ಸದ್ದು. ಒಂದು ಮೀಟರ್ ಎತ್ತಿದರೆ ಗಾಳಿ ಒತ್ತಡ ಬದಲಾಗೋದು ಸುಮಾರು 0.1 ಹೆಕ್ಟೊಪಾಸ್ಕಲ್ ಅಷ್ಟೇ, ಅದನ್ನೂ ಹಿಡಿಯುತ್ತೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲು ದಡ್ ಅಂತ ಬಿತ್ತು. ಡಬ್ಬಿ ಕೂಗಿತು. ಅವರ ಯಜಮಾನರು ಒಳಗಿಂದ "ಯಾರಿಗೆ ಏನಾಯ್ತು?" ಅಂತ ಓಡಿ ಬಂದರು.

ವಾಪಸ್ ಬರೋ ಮೊದಲು ದೇವರಾಯನದುರ್ಗಕ್ಕೆ ಕಾರಲ್ಲಿ ಹೋದೆ. ಏರುದಾರಿ ಉದ್ದಕ್ಕೂ ಏರಿನ ಸದ್ದು, ಇಳಿಯುವಾಗ ಇಳಿಯುವ ಸದ್ದು. ಕಿಟಕಿ ಗಾಜು ಏರಿಸಿ ಇಳಿಸಿದಾಗೆಲ್ಲ ಒಂದು ಸಲ ತಪ್ಪು ಕೂಗು. ಒಟ್ಟಿನಲ್ಲಿ ಡಬ್ಬಿ ಗಟ್ಟಿಮುಟ್ಟಾಗಿದೆ.

ಚಿಂತಾಮಣಿ:

ಅಣ್ಣಾ, ಹಾರುವಾಗ ಪ್ಯಾನೆಲ್ ಪೂರ್ತಿ ಆರಿಹೋದರೆ ಏನು ಮಾಡ್ತೀರಾ?

ಶಿರಾ:

ಏನೂ ಮಾಡಲ್ಲ, ವಿಮಾನ ಹಾರಿಸ್ತೀನಿ. ಸ್ಪೀಡ್ ಮೀಟರ್, ಆಲ್ಟಿಮೀಟರ್, ಮೆಕ್ಯಾನಿಕಲ್ ವೇರಿಯೋ ಮೂರೂ ಬರೀ ಗಾಳಿಯಲ್ಲಿ ಓಡುತ್ತವೆ, ಕರೆಂಟ್ ಬೇಡ. ಫ್ಲಾರ್ಮ್ ಆರಿದೆ ಅಂದರೆ ಅಕ್ಕಪಕ್ಕದ ಗ್ಲೈಡರ್‌ಗಳ ಎಚ್ಚರಿಕೆ ಬರಲ್ಲ, ಹೊರಗೆ ಇನ್ನೂ ಜಾಸ್ತಿ ಕಣ್ಣಾಡಿಸಬೇಕು. ಬ್ಯಾಟರಿ ಸೋಲ್ತಿದೆ ಅನ್ನಿಸಿದರೆ ಸ್ಕ್ರೀನ್ ಆಫ್ ಮಾಡಿ, ಇಳಿಯುವಾಗಿನ ಮಾತಿಗೆ ರೇಡಿಯೋ ಉಳಿಸಿಕೊಳ್ತೀವಿ. ತಲೆ ಬಗ್ಗಿಸಿ ಪ್ಯಾನೆಲ್ ಕೆಳಗೆ ವೈರ್ ತಡಕಬಾರದು ಅಂತ ನಮಗೆ ಮೊದಲೇ ಹೇಳಿಕೊಟ್ಟಿರ್ತಾರೆ.

ತುಮಕೂರು:

ಸರಿಯಾಗಿ ಹೇಳಿದ. ಇದಕ್ಕೆ ನನ್ನದೊಂದು ಸೇರಿಸಿಕೊಳ್ಳಿ. ಸ್ಕ್ರೀನ್ ಇಲ್ಲದೆ ಹಾರಬಹುದು, ವೇರಿಯೋ ಇಲ್ಲದೆಯೂ ಹಾರಬಹುದು. ಸ್ಪೀಡ್ ಮೀಟರ್ ಅನುಮಾನ ಬಂದರೆ ನೆಲ ಬಿಡಬಾರದು. ಅದು ಕೆಡೋದು ಹೆಚ್ಚಾಗಿ ತೂತು ಮುಚ್ಚಿಕೊಂಡು. ನಾನು ಕೆಲಸಕ್ಕಿದ್ದಾಗ ಒಂದು ಸಲ ಪಿಟೋ ಪೈಪಿನೊಳಗಿಂದ (ಎದುರುಗಾಳಿ ಹಿಡಿದು ಸ್ಪೀಡ್ ಮೀಟರಿಗೆ ಕೊಡೋ ಪೈಪು) ಕಣಜ ಕಟ್ಟಿದ ಮಣ್ಣಿನ ಗೂಡನ್ನ ಹೊರಗೆ ತೆಗೆದಿದ್ದೀನಿ. ಹೆಸರುಕಾಳಿನಷ್ಟು ಮಣ್ಣು. ಅಷ್ಟೇ ಸಾಕು.

ತೊಳೆಯುವಾಗ ನೀರು ಹೋಗದಿರಲಿ ಅಂತ ವಿಮಾನದ ಪಕ್ಕದಲ್ಲಿ ಹೊರಗಿನ ಗಾಳಿ ಒತ್ತಡ ತಗೊಳ್ಳೋ ಸ್ಟ್ಯಾಟಿಕ್ ತೂತುಗಳಿಗೆ ಟೇಪ್ ಅಂಟಿಸ್ತಾರೆ, ಆಮೇಲೆ ಕೀಳೋದು ಮರೀತಾರೆ. 1996ರ ಅಕ್ಟೋಬರ್‌ನಲ್ಲಿ ಪೆರು ದೇಶದ ಲಿಮಾದಿಂದ ರಾತ್ರಿ ಹೊರಟ ಒಂದು ಬೋಯಿಂಗ್ 757 ಹಾಗೇ ಸಮುದ್ರಕ್ಕೆ ಬಿತ್ತು. ಸ್ಪೀಡ್, ಎತ್ತರ ಎರಡೂ ತಪ್ಪು ತೋರಿಸಿತು. 70 ಜನ ಇದ್ದರು, ಒಬ್ಬರೂ ಉಳಿಯಲಿಲ್ಲ. ಅದಕ್ಕೇ ಟೇಪ್ ಅಂಟಿಸಿದರೆ ಅದರ ತುದಿಗೆ ಒಂದು ಕೆಂಪು ಪಟ್ಟಿ ಇಳಿಬಿಡಿ, ದೂರದಿಂದಲೇ ಕಾಣಲಿ.

ಮಾಲೂರು:

ಅಕ್ಕಾ, ರೇಡಿಯೋ ಒತ್ತಿದ್ರೆ ಎಲೆಕ್ಟ್ರಾನಿಕ್ ಮುಳ್ಳು ಎಗರುತ್ತೆ ಅಂದ್ರಲ್ಲ, ಅದೂ ವೋಲ್ಟೇಜ್ ಡ್ರಾಪೇನಾ?

ತುಮಕೂರು:

ಇರಬಹುದು, ಇಲ್ಲದೇ ಇರಬಹುದು. ಬೇರ್ಪಡಿಸೋಕೆ ಒಂದು ಸುಲಭ ಉಪಾಯ: ವೇರಿಯೋಗೆ ಮಾತ್ರ ಬೇರೆ ಬ್ಯಾಟರಿ ಕೊಟ್ಟು ರೇಡಿಯೋ ಒತ್ತಿ ನೋಡೋದು. ಮುಳ್ಳು ಸುಮ್ಮನಿದ್ದರೆ ವೋಲ್ಟೇಜ್ ಕಥೆ. ಆಗಲೂ ಎಗರಿದರೆ ರೇಡಿಯೋ ಅಲೆಗಳು ವೈರಿಗೆ ನುಗ್ತಿವೆ. ಆಗ ಮೊದಲು ಆಂಟೆನಾ ಕೇಬಲ್ಲಿನ ಬಿಎನ್‌ಸಿ ಕನೆಕ್ಟರ್ ನೋಡಬೇಕು, ಮೇಲಿನ ಜಾಲರಿ ಬಿಟ್ಟುಕೊಂಡಿರುತ್ತೆ. ಅದು ಸರಿ ಇದ್ದರೆ ವೇರಿಯೋ ವೈರಿಗೆ ಒಂದು ಫೆರೈಟ್ ಮಣಿ (ರೇಡಿಯೋ ಅಲೆ ತಡೆಯೋದು) ಹಾಕಿ, ಆಂಟೆನಾ ಕೇಬಲ್ಲಿನಿಂದ ದೂರ ಎಳೆದು ಕಟ್ಟಬೇಕು.

ಶಿರಾ (ಮಾರ್ಚ್ ಮೊದಲ ವಾರ, ಜರ್ಮನಿಯಿಂದ):

ಮೇಡಂ, ವಾಪಸ್ ಬಂದು ಎಲ್ಲ ಮಾಡಿದೆವು. ಬಟನ್ ಒತ್ತಿ ಹಿಡಿದಾಗ ಬ್ಯಾಟರಿಯಲ್ಲಿ 12.2, ಸ್ಕ್ರೀನ್‌ನಲ್ಲಿ 10.8. ಕಳೆದಿದ್ದ 1.4ರಲ್ಲಿ ಫ್ಯೂಸ್ ಹೋಲ್ಡರ್ ಒಂದೇ 0.8 ತಿಂತಿತ್ತು. ಒಳಗಿನ ಸ್ಪ್ರಿಂಗ್ ಹಸಿರು ಬಣ್ಣಕ್ಕೆ ತಿರುಗಿತ್ತು. ನೆಗೆಟಿವ್‌ನಲ್ಲಿ 0.4. ಒಂದೇ ಸ್ಕ್ರೂಗೆ ಐದು ಥಿಂಬಲ್ ಪೇರಿಸಿದ್ದರು, ಕೈಯಲ್ಲೇ ತಿರುಗುತ್ತಿತ್ತು. ಉಳಿದ 0.2 ವೈರು, ಸ್ವಿಚ್ಚು. ಹೋಲ್ಡರ್ ಬದಲಾಯಿಸಿ, ನೆಗೆಟಿವ್‌ಗೆ ಬೇರೆ ಪಟ್ಟಿ ಹಾಕಿದೆವು. ಈಗ ಒಟ್ಟು ನಷ್ಟ 0.25. ಸಹಿ ಹಾಕುವ ಅಧಿಕಾರ ಇರೋ ಇನ್‌ಸ್ಪೆಕ್ಟರ್ ನೋಡಿ ಲಾಗ್‌ಬುಕ್‌ನಲ್ಲಿ ಬರೆದರು.

ಸಿರಿಂಜ್ ಪರೀಕ್ಷೆಯಲ್ಲಿ ಮುಳ್ಳು ಸೊನ್ನೆ ದಾಟಿ ಇಳಿಯಿತು. ಪ್ಯಾನೆಲ್ ಹಿಂದಿನ ಟಿ ಜಾಯಿಂಟ್ ಹತ್ತಿರ ಪೈಪ್ ಸೀಳಿತ್ತು. ಕೂದಲೆಳೆಯಷ್ಟು. ಬೆರಳಲ್ಲಿ ಬಗ್ಗಿಸಿದರೆ ಮಾತ್ರ ಕಾಣುತ್ತೆ. ಕತ್ತರಿಸಿ ಹಾಕಿದೆವು, ಈಗ ನಿಲ್ಲುತ್ತೆ. ಪೈಪು, ಹೋಲ್ಡರು ಎಲ್ಲ ಸೇರಿ ಖರ್ಚು ಹತ್ತು ಯೂರೋ ಒಳಗೆ.

ಒಂದು ಉಳಿದಿದೆ. ಬೇರೆ ಬ್ಯಾಟರಿ ಕೊಟ್ಟರೂ ಬಟನ್ ಒತ್ತಿದಾಗ ಮುಳ್ಳು ಸ್ವಲ್ಪ ಎಗರುತ್ತೆ. ಬರೋ ಶನಿವಾರ ಬಿಎನ್‌ಸಿ ಬಿಚ್ಚುತ್ತೇವೆ.

ತುಮಕೂರು:

ಬಿಚ್ಚೋ ಮೊದಲು ಹಾಗೇ ಒಂದು ಫೋಟೋ ತೆಗೆದು ಇಲ್ಲಿ ಹಾಕಪ್ಪಾ, ಬಿಚ್ಚಿದ ಮೇಲೆ ಇನ್ನೊಂದು. ಆ ಹಸಿರು ಬಂದ ಫ್ಯೂಸ್ ಹೋಲ್ಡರ್ ಎಸೆದಿಲ್ಲ ತಾನೇ? ಮುಂದಿನ ಸಲ ಊರಿಗೆ ಬರುವಾಗ ತಗೊಂಡು ಬಾ. ಮಾಲೂರಿನವರಿಗೂ ತೋರಿಸಬೇಕು.